ಪಂಚ್‌ಗೆ ತೂಕ ಬರುತ್ತಿಲ್ಲವೇ? ಪಾದದಿಂದ ಹುಡುಕಿ

ಬಾವಿಗೆ ಇಟ್ಟ ಪಂಪ್‌ಸೆಟ್ ಓಡುತ್ತಿದೆ. ಮೋಟಾರ್ ಸದ್ದು ಸರಿಯಾಗಿದೆ. ಪೈಪಿನ ಬಾಯಲ್ಲಿ ಮಾತ್ರ ನೀರಿಲ್ಲ. ಮಂಡ್ಯ ಕಡೆಯ ಯಾವ ರೈತನೂ ಪೈಪಿನ ಬಾಯಿ ನೋಡುತ್ತಾ ಕೂರುವುದಿಲ್ಲ. ಸೀದಾ ಕೆಳಗಿನ ಫುಟ್‌ವಾಲ್ವ್ ನೋಡುತ್ತಾನೆ. ಕಸ ಸಿಕ್ಕಿಕೊಂಡಿದೆಯಾ, ವಾಷರ್ ಹೋಗಿದೆಯಾ ಅಂತ.

ಬಾಕ್ಸಿಂಗ್‌ನ ಪಂಚ್ ಕೂಡ ಹಾಗೇ. ಮುಷ್ಟಿ ಪೈಪಿನ ಬಾಯಿ ಇದ್ದ ಹಾಗೆ. ನೀರು ಏಳಬೇಕಾದ್ದು ಪಾದದಿಂದ.

ಈ ಮಾತನ್ನು ಈಚೆಗೆ ಒಬ್ಬ ಹುಡುಗನಿಗೆ ಹೇಳಬೇಕಾಯಿತು. ಬಾಕ್ಸಿಂಗ್ ಕಲಿಯಲು ಮಂಡ್ಯದಿಂದ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತಾನೆ. ಮನೆಯಲ್ಲಿ ಕಬ್ಬು ಬೆಳೆಯುತ್ತಾರೆ. ತೋಳು ನೋಡಿದರೆ ಯಾರಿಗಾದರೂ ಭಯ ಆಗಬೇಕು, ಅಷ್ಟು ಗಟ್ಟಿ. ಆದರೆ ನೇತುಹಾಕಿದ ಪಂಚಿಂಗ್ ಬ್ಯಾಗಿಗೆ ಹೊಡೆದರೆ ಬ್ಯಾಗ್ ಸುಮ್ನೆ ಉಯ್ಯಾಲೆಯ ಹಾಗೆ ತೂಗುತ್ತದೆ. ಎರಡನೇ ರೌಂಡಿಗೆ ಅವನ ಭುಜ ಕೆಳಗೆ ಬಂದಿರುತ್ತದೆ. "ಇನ್ನೂ ದಿನಕ್ಕೆ 50 ದಂಡ ಜಾಸ್ತಿ ಹೊಡೀಲಾ?" ಅಂತ ಕೇಳಿದ. ಬೇಡ ಅಂದೆ. ಅವನಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆದಿದ್ದೇನೆ. ಬಲಗೈ ಹಿಂದೆ ಇಟ್ಟುಕೊಂಡು ನಿಲ್ಲುವವರ ಲೆಕ್ಕದಲ್ಲಿ ಬರೆದಿದ್ದೇನೆ. ಎಡಚರು ಎಡ ಬಲ ಅದಲು ಬದಲು ಮಾಡಿಕೊಳ್ಳಿ.

ಮೊದಲು ನಿಂತ ಜಾಗ ನೋಡಿ

ಪಂಚ್ ಹೊಡೆಯುವುದಕ್ಕೂ ಮುಂಚೆಯೇ ಅರ್ಧ ದೋಷ ಇರುತ್ತದೆ. ನೆಲದ ಮೇಲೆ ಬ್ಯಾಗಿನ ಕಡೆಗೆ ಒಂದು ನೇರ ಗೆರೆ ಎಳೆಯಿರಿ. ಎಡಗಾಲಿನ ಬೆರಳ ತುದಿ ಮತ್ತು ಬಲಗಾಲಿನ ಹಿಮ್ಮಡಿ, ಎರಡೂ ಆ ಗೆರೆಯನ್ನು ಮುಟ್ಟಿದ ಹಾಗಿರಲಿ. ಬಲ ಪಾದದ ಉಳಿದ ಭಾಗ ಗೆರೆಯ ಬಲಕ್ಕೆ ಬರುತ್ತದೆ. ಎರಡೂ ಪಾದ ಸ್ವಲ್ಪ ಬಲಕ್ಕೆ ತಿರುಗಿರಬೇಕು. ಕಾಲುಗಳ ನಡುವಿನ ಅಂತರ ಭುಜದ ಅಗಲಕ್ಕಿಂತ ಒಂಚೂರು ಜಾಸ್ತಿ. ಮಂಡಿ ಸಡಿಲ. ಬಲ ಹಿಮ್ಮಡಿ ನೆಲದಿಂದ ಒಂದು ಬೆರಳಿನಷ್ಟು ಮೇಲೆ.

ಈಗ ಯಾರಾದರೂ ಒಬ್ಬರು ನಿಮ್ಮ ಎದೆಯನ್ನು ಅಂಗೈಯಿಂದ ಮೆಲ್ಲಗೆ ತಳ್ಳಲಿ. ಆಮೇಲೆ ಪಕ್ಕದಿಂದ ಭುಜವನ್ನು ತಳ್ಳಲಿ. ಎದೆ ತಳ್ಳಿದಾಗ ಹಿಂದಕ್ಕೆ ಹೋದರೆ ಪಾದಗಳು ಅಕ್ಕಪಕ್ಕ ನಿಂತಿವೆ ಅಂತ ಅರ್ಥ. ಪಕ್ಕದಿಂದ ತಳ್ಳಿದಾಗ ವಾಲಿದರೆ, ಹಗ್ಗದ ಮೇಲೆ ನಡೆಯುವವರ ಹಾಗೆ ಒಂದರ ಹಿಂದೆ ಒಂದು ನಿಂತಿವೆ. ಎರಡೂ ಕಡೆ ಅಲುಗಾಡಲಿಲ್ಲ ಅಂದರೆ ಮುಂದಕ್ಕೆ ಹೋಗಿ.

ಗರಡಿಯಿಂದ ಬಂದವರಿಗೆ ಇಲ್ಲೇ ಒಂದು ಮಾತು. ಮೈಸೂರಿನಲ್ಲಿ ಬಾಕ್ಸಿಂಗ್ ಕಲಿಯಲು ಬರುವವರಲ್ಲಿ ಮನೆತನದಿಂದಲೇ ಕುಸ್ತಿ ಗೊತ್ತಿರುವ ಹುಡುಗರು ಇರುತ್ತಾರೆ. ಅವರ ಸೊಂಟ, ಬೆನ್ನು ಬಹಳ ಚೆನ್ನಾಗಿರುತ್ತದೆ. ಆದರೆ ಮಟ್ಟಿಯಲ್ಲಿ ಇಳಿದು, ಸೊಂಟ ಹಿಂದಿಟ್ಟು, ಎರಡೂ ಪಾದ ಎದುರಾಳಿಗೆ ಮುಖ ಮಾಡಿ ನಿಂತು ಅಭ್ಯಾಸ. ಕುಸ್ತಿಗೆ ಅದು ಸರಿ, ಕಾಲು ಹಿಡಿಯಲು ಬಂದವನನ್ನು ತಡೆಯಬೇಕಲ್ಲ. ಬಾಕ್ಸಿಂಗ್‌ನಲ್ಲಿ ಹಾಗೆ ನಿಂತರೆ ಸೊಂಟ ಆಗಲೇ ಅರ್ಧ ತಿರುಗಿಬಿಟ್ಟಿರುತ್ತದೆ, ಬಲಗೈ ಹೊಡೆತಕ್ಕೆ ತಿರುಗಲು ಜಾಗವೇ ಉಳಿಯುವುದಿಲ್ಲ. ಇವರಿಗೆ ನಾನು ಹೇಳುವುದು ಇಷ್ಟೇ: ಬೇರೆ ಏನನ್ನೂ ಮರೆಯಬೇಡಿ, ಬಲಗಾಲನ್ನು ಒಂದು ಹೆಜ್ಜೆ ಹಿಂದಕ್ಕೆ ಇಡಿ. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆಯಲ್ಲಿ ರಕ್ತ ಕಂಡ ಕೂಡಲೇ ನಿಲ್ಲಿಸಿಬಿಡುತ್ತಾರೆ. ಎಲ್ಲರ ಕಣ್ಣು ಕೈಯಲ್ಲಿರುವ ಆಯುಧದ ಮೇಲೆ ಇರುತ್ತದೆ. ಮುಂದಿನ ಸಲ ನೋಡಲು ಸಿಕ್ಕಿದರೆ ಒಮ್ಮೆ ಅವರ ಕಾಲು ನೋಡಿ.

ಬ್ಯಾಗ್ ತೂಗುತ್ತದೆ, ಸದ್ದು ಬರುವುದಿಲ್ಲ, ಭುಜ ಬೇಗ ಸೋಲುತ್ತದೆ

ನಾನು ನೋಡಿದ ಹತ್ತು ಜನರಲ್ಲಿ ಏಳೆಂಟು ಜನರಿಗೆ ಇದೇ ತೊಂದರೆ. ನನಗೂ ಇದೇ ಇತ್ತು. ಸುಮಾರು ಎರಡು ವರ್ಷ ನನ್ನ ಭುಜಕ್ಕೆ ಶಕ್ತಿ ಸಾಲದು ಅಂದುಕೊಂಡೆ. ಆಗ ಕಲಿಯುತ್ತಿದ್ದ ಜಾಗದಲ್ಲಿ "ಇನ್ನೂ ಜೋರಾಗಿ, ಇನ್ನೂ ಜೋರಾಗಿ" ಅನ್ನುತ್ತಿದ್ದರೇ ಹೊರತು ಎಲ್ಲಿ ತಪ್ಪಿದೆ ಅಂತ ಯಾರೂ ಹೇಳಲಿಲ್ಲ. ಡಂಬೆಲ್ ಎತ್ತಿದೆ. ಭುಜದ ನೋವು ರಾತ್ರಿ ಮಗ್ಗುಲು ಬದಲಿಸಲೂ ಬಿಡುತ್ತಿರಲಿಲ್ಲ. ಒಂದು ದಿನ ಪ್ರಾಕ್ಟೀಸ್ ನೋಡಲು ಬಂದಿದ್ದ ಹಿರಿಯರೊಬ್ಬರು ಹತ್ತಿರ ಕರೆದು, "ಎಲ್ಲಿ, ನಿನ್ನ ಶೂ ಬಿಚ್ಚಿ ಕೊಡಪ್ಪ" ಅಂದರು. ಕೊಟ್ಟೆ. ಎರಡನ್ನೂ ಮಗುಚಿ ಬೆಳಕಿಗೆ ಹಿಡಿದರು. ಎಡ ಶೂ ಹಿಮ್ಮಡಿ ಸವೆದು ನುಣ್ಣಗಾಗಿತ್ತು. ಬಲ ಶೂ ಮುಂಭಾಗ, ಹೆಬ್ಬೆರಳ ಬುಡ ಬರುವ ಜಾಗ, ಅಂಗಡಿಯಿಂದ ತಂದ ದಿನದ ಹಾಗೇ ಇತ್ತು. ಅಚ್ಚಿನ ಗೀರುಗಳು ಕೂಡ ಅಳಿಸಿರಲಿಲ್ಲ. "ಈ ಕಾಲು ಇನ್ನೂ ಕೆಲಸ ಶುರು ಮಾಡಿಲ್ಲ" ಅಂದರು. ಅಷ್ಟೇ ಹೇಳಿ ಶೂ ವಾಪಸ್ ಕೊಟ್ಟರು.

ನಿಮ್ಮ ಶೂ ಈಗಲೇ ಮಗುಚಿ ನೋಡಿ. ಬಲ ಶೂ ಮುಂಭಾಗದಲ್ಲಿ ಗುಂಡಗೆ ಸವೆದಿದ್ದರೆ ಒಳ್ಳೆಯದು, ಪಾದ ತಿರುಗುತ್ತಿದೆ. ತುದಿ ಮಾತ್ರ ಸವೆದಿದ್ದರೆ ಕಾಲನ್ನು ಎಳೆಯುತ್ತಿದ್ದೀರಿ. ಏನೂ ಸವೆದಿಲ್ಲ ಅಂದರೆ ನನ್ನ ಕತೆಯೇ ನಿಮ್ಮದೂ.

ಶೂ ಹೊಸದಾಗಿದ್ದರೆ ಇನ್ನೊಂದು ಪರೀಕ್ಷೆ ಇದೆ. ನಮ್ಮದು ಹಳೇ ಮನೆ, ಹಜಾರಕ್ಕೆ ಕೆಂಪು ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಒಂದು ಹಿಡಿ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ, ಬರಿಗಾಲಲ್ಲಿ ನಿಲ್ಲಿಸುತ್ತೇನೆ. ಗಾಳಿಯಲ್ಲಿ ಹತ್ತು ಬಲಗೈ ಪಂಚ್, ನಿಧಾನವಾಗಿ. ಪುಡಿ ಜಾರುತ್ತದೆ, ಅದಕ್ಕೇ ನಿಧಾನ ಅಂದಿದ್ದು. ಆಮೇಲೆ ಪಕ್ಕಕ್ಕೆ ಸರಿದು ಬಲಗಾಲು ಇದ್ದ ಜಾಗ ನೋಡಬೇಕು. ಬಾಗಿಲಿಗೆ ಬರೆದ ಲಕ್ಷ್ಮಿ ಪಾದದ ಹಾಗೆ ಐದು ಬೆರಳು, ಹಿಮ್ಮಡಿ ಎಲ್ಲ ಸ್ಪಷ್ಟವಾಗಿ ಮೂಡಿದ್ದರೆ ಕಾಲು ಸತ್ತು ಕೂತಿದೆ. ಬೆರಳ ಬುಡ ನಿಂತಲ್ಲೇ ಇದ್ದು, ಹಿಮ್ಮಡಿಯ ಕಡೆ ಬೀಸಣಿಗೆ ಬಿಚ್ಚಿದ ಹಾಗೆ ಪುಡಿ ಹರಡಿದ್ದರೆ ಸರಿ. ಉದ್ದಕ್ಕೆ ಮುಂದಕ್ಕೆ ಗೀರು ಬಿದ್ದಿದ್ದರೆ, ಮೈ ಮುಂದಕ್ಕೆ ಬಿದ್ದು ಕಾಲು ಅದರ ಹಿಂದೆ ಓಡಿದೆ. ಅದು ಬೇರೆ ದೋಷ, ಮುಂದೆ ಹೇಳುತ್ತೇನೆ. ಆ ಮಂಡ್ಯದ ಹುಡುಗನ ಅಚ್ಚು ಮೊದಲ ದಿನ ಎಷ್ಟು ಸ್ಪಷ್ಟವಾಗಿತ್ತೆಂದರೆ, ಅವನ ಕಿರುಬೆರಳ ಪಕ್ಕದ ಗಾಯದ ಗುರುತೂ ಕಾಣುತ್ತಿತ್ತು. ಅಚ್ಚಿನ ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಪಾದ ತಿರುಗದಿದ್ದರೆ ಏನಾಗುತ್ತದೆ? ಹಿಮ್ಮಡಿ ಹೊರಕ್ಕೆ ತಿರುಗಿದರೆ ಮಂಡಿ ಒಳಕ್ಕೆ ಬರುತ್ತದೆ. ಮಂಡಿ ಬಂದರೆ ಸೊಂಟ ತಿರುಗುತ್ತದೆ. ಸೊಂಟದ ಹಿಂದೆ ಭುಜ, ಭುಜದ ಹಿಂದೆ ಕೈ. ಕೈ ಕೊನೆಗೆ ಹೊರಡಬೇಕು. ಪಾದ ಕೂತಿದ್ದರೆ ಸೊಂಟ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಉಳಿದ ಕೆಲಸವನ್ನೆಲ್ಲ ಭುಜ ಒಂದೇ ಮಾಡಬೇಕು. ಅದಕ್ಕೇ ಅದು ಬೇಗ ಸೋಲುವುದು, ಅದಕ್ಕೇ ನೋಯುವುದು. 1985ರಲ್ಲಿ ಸೋವಿಯತ್ ಸಂಶೋಧಕರು ಬಾಕ್ಸರ್‌ಗಳ ನೇರ ಪಂಚ್ ಅಳೆದು ಒಂದು ಲೆಕ್ಕ ಪ್ರಕಟಿಸಿದ್ದರು. ಪಳಗಿದ ಬಾಕ್ಸರ್‌ಗಳ ಹೊಡೆತದಲ್ಲಿ ಕಾಲಿನ ಪಾಲು ಸುಮಾರು 38 ಶೇಕಡಾ. ಇನ್ನೂ ಪಳಗದ ಕಿರಿಯರಲ್ಲಿ ಅದು 16ರ ಆಸುಪಾಸು. ಕೈಯ ಪಾಲು ಇದಕ್ಕೆ ಉಲ್ಟಾ: ಪಳಗಿದವರಲ್ಲಿ 24, ಕಿರಿಯರಲ್ಲಿ 38. ಈ ಅಂಕಿ ಓದಿದಾಗ ನನಗೆ ನನ್ನ ಆ ಬಲ ಶೂ ನೆನಪಾಯಿತು.

ಸರಿಪಡಿಸುವ ಬಗೆ ಹೀಗೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಚೌಕಾಬಾರಕ್ಕೆ ಹುಣಸೆಬೀಜ ತೇಯುತ್ತೇವಲ್ಲ, ಬೀಜವನ್ನು ಒತ್ತಿ ಹಿಡಿದು ಉಜ್ಜುತ್ತೇವೆ. ಅದೇ ರೀತಿ ಬಲಗಾಲಿನ ಹೆಬ್ಬೆರಳ ಬುಡದ ಕೆಳಗೆ ಒಂದು ಬೀಜ ಇದೆ ಅಂದುಕೊಂಡು, ನೆಲ ಒತ್ತುತ್ತಾ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿ. ಒತ್ತುವುದು ಮುಖ್ಯ. ಸುಮ್ನೆ ತಿರುಗಿಸಿದರೆ ಅದು ಡ್ಯಾನ್ಸ್ ಆಗುತ್ತದೆ. ಹೊಕ್ಕುಳು ಬ್ಯಾಗಿನ ಕಡೆ ನೋಡುವಷ್ಟು ಸೊಂಟ ಬರಬೇಕು. 20 ಸಲ ಹೀಗೆ, ಕೈ ಬಿಚ್ಚದೆ. ಆಮೇಲೆ ಕೈ ಬಿಚ್ಚಿ, ಆದರೆ ಮುಷ್ಟಿ ಬಿಗಿಯದೆ, ಸೊಂಟ ಎಳೆದ ಕಡೆ ಕೈ ಹೋಗಲಿ ಅಂತ ಬಿಡಿ. ಬ್ಯಾಗ್ ಮುಟ್ಟುವ ಕ್ಷಣಕ್ಕೆ ಮಾತ್ರ ಮುಷ್ಟಿ ಬಿಗಿ. ಒಂದು ವಾರ ಜೋರಾಗಿ ಹೊಡೆಯಲೇಬೇಡಿ. ಇದು ಕಷ್ಟ ಅಂತ ಗೊತ್ತು, ಬ್ಯಾಗ್ ಎದುರಿಗೆ ಇದ್ದರೆ ಕೈ ತಡೆಯುವುದಿಲ್ಲ. ಆದರೂ ಬೇಡ. ಜೋರು ಮಾಡಿದ ತಕ್ಷಣ ಮೈ ಹಳೇ ದಾರಿಗೆ ಹೋಗುತ್ತದೆ.

ಸರಿಯಾಯಿತು ಅಂತ ಗೊತ್ತಾಗುವುದು ಕಿವಿಗೆ. ತಳ್ಳಿದ ಪಂಚ್‌ಗೆ ಬ್ಯಾಗ್ 'ಧೊಪ್' ಅಂದು ದೂರ ಹೋಗುತ್ತದೆ. ಸರಿಯಾದ ಪಂಚ್‌ಗೆ 'ಫಟ್' ಅಂದು, ಬ್ಯಾಗ್ ಇದ್ದಲ್ಲೇ ಮಡಚಿ ನಡುಗುತ್ತದೆ. ಮೇಲಿನ ಸರಪಳಿ ಕೂಡ ಸದ್ದು ಮಾಡುತ್ತದೆ.

ಹೊಡೆದ ಮೇಲೆ ಮೈ ಮುಂದಕ್ಕೆ ಬೀಳುತ್ತದೆ

ರಂಗೋಲಿಯಲ್ಲಿ ಉದ್ದ ಗೀರು ಬಿದ್ದವರು ಇಲ್ಲಿ ನೋಡಿ. ಬ್ಯಾಗ್ ಇದ್ದಾಗ ಈ ದೋಷ ಕಾಣುವುದಿಲ್ಲ, ಯಾಕೆಂದರೆ ಬ್ಯಾಗೇ ನಿಮ್ಮನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಗೆಳೆಯರೊಬ್ಬರನ್ನು ಪ್ಯಾಡ್, ಅಂದರೆ ಪಂಚ್ ತಾಳುವ ದಿಂಬಿನಂಥದ್ದು, ಹಿಡಿಯಲು ಹೇಳಿ. ಮೂರು ನಾಲ್ಕು ಪಂಚ್‌ಗೆ ಒಂದು ಸಲ, ಹೇಳದೆ ಪ್ಯಾಡ್ ಎಳೆದುಕೊಳ್ಳಲಿ. ಗಾಳಿಗೆ ಹೋದ ಆ ಪಂಚ್ ಆದ ಮೇಲೆ ನೀವು ನಿಂತಲ್ಲೇ ನಿಂತಿದ್ದರೆ ಸರಿ. ಒಂದು ಹೆಜ್ಜೆ ಎಡವಿದರೆ ದೋಷ ಇದೆ. ಫೋನನ್ನು ಪಕ್ಕದಲ್ಲಿಟ್ಟು ವಿಡಿಯೋ ಮಾಡಿದರೆ ಇನ್ನೂ ಸ್ಪಷ್ಟ. ಪಂಚ್ ತಾಗುವ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಮೂಗು ಎಡ ಮಂಡಿಯನ್ನು ದಾಟಿದೆಯಾ?

ಇದಕ್ಕೆ ಕಾರಣ ಎರಡು. ಒಂದು ದೂರ. ಬ್ಯಾಗ್ ದೂರ ಇದೆ, ಕಾಲು ಹೋಗಲಿಲ್ಲ, ತಲೆ ಹೋಯಿತು. ಇನ್ನೊಂದು, ಎಡಗಾಲು ತಡೆ ಕೊಡುತ್ತಿಲ್ಲ. ಬಾಗಿಲು ದಬಾರಂತ ಹಾಕಿಕೊಳ್ಳುವುದನ್ನು ನೆನೆಸಿಕೊಳ್ಳಿ. ಕದ ಎಷ್ಟೇ ಜೋರಾಗಿ ಬಂದರೂ ತಿರುಗುಣಿ ಅಲ್ಲಾಡುವುದಿಲ್ಲ. ಬಲಗೈ ಪಂಚ್‌ನಲ್ಲಿ ಮೈಯ ಎಡ ಭಾಗ ತಿರುಗುಣಿ, ಬಲ ಭಾಗ ಕದ. ತೂಕ ಎಡಗಾಲಿಗೆ ಬರಲಿ, ಆದರೆ ಎಡ ಮಂಡಿ ಬೆರಳ ತುದಿ ದಾಟಿ ಮುಂದಕ್ಕೆ ಜಾರಬಾರದು.

ಕಬ್ಬು ಕಡಿಯುವವರನ್ನು ನೋಡಿದ್ದೀರಲ್ಲ. ಎಡಗೈಲಿ ಜಲ್ಲೆ ಹಿಡಿದು, ಕಾಲು ಅಗಲಿಸಿ, ಬುಡಕ್ಕೆ ಮಚ್ಚು ಬೀಸುತ್ತಾರೆ. ಒಂದು ಜಲ್ಲೆ ಆದ ಮೇಲೆ ಕಾಲನ್ನು ಸರಿಸಿ ಮುಂದಿನದಕ್ಕೆ ಹೋಗುತ್ತಾರೆ. ನಿಂತಲ್ಲಿಂದಲೇ ಬಗ್ಗಿ ದೂರದ ಜಲ್ಲೆಗೆ ಬೀಸುವುದಿಲ್ಲ. ಬೀಸಿದರೆ ಮಚ್ಚು ಕಾಲಿಗೆ ಬರುತ್ತದೆ ಅಂತ ಗೊತ್ತು. ಆ ಹುಡುಗನಿಗೆ ಇದನ್ನು ಹೇಳಿದ ದಿನವೇ ಅರ್ಥವಾಯಿತು. ಹೊಲದಲ್ಲಿ ಸರಿಯಾಗಿ ಮಾಡುವುದನ್ನು ಬ್ಯಾಗಿನ ಮುಂದೆ ಬಿಟ್ಟುಬಿಟ್ಟಿದ್ದ.

ಮೊದಲು ಪಾದ ಸರಿಸಿ. ಬಲಗಾಲಿನಿಂದ ನೆಲ ತಳ್ಳಿ, ಎಡಗಾಲನ್ನು ನಾಲ್ಕು ಬೆರಳಿನಷ್ಟು ಮುಂದಿಡಿ. ಬಲಗಾಲು ಅಷ್ಟೇ ದೂರ ಹಿಂದೆಯೇ ಬರಲಿ. ಆಮೇಲೆ ಹೊಡೆಯಿರಿ.

ಓಡಾಡುವಾಗ ಕಾಲು ಒಂದಕ್ಕೊಂದು ತಾಗುತ್ತದೆ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಅಭ್ಯಾಸ ಇಟ್ಟುಕೊಂಡ ಬಾಕ್ಸರ್‌ಗಳು ಇಲ್ಲಿ ಬಹಳ. ದಮ್ಮಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ಮೆಟ್ಟಿಲು ಹತ್ತುವಾಗ ಒಂದು ಕಾಲು ಇನ್ನೊಂದನ್ನು ದಾಟಿ ಹೋಗುತ್ತದೆ. ರಿಂಗ್‌ನಲ್ಲಿ ದಾಟಬಾರದು. ಕಾಲು ಕೂಡಿದ ಕ್ಷಣದಲ್ಲಿ ಒಂದು ಸಣ್ಣ ಜ್ಯಾಬ್, ಅಂದರೆ ಮುಂದಿನ ಕೈಯ ಚುರುಕಾದ ನೇರ ಪಂಚ್, ಬಿದ್ದರೂ ಕೆಳಗೆ ಕೂರುತ್ತೀರಿ.

ನಿಯಮ ಒಂದೇ. ಯಾವ ಕಡೆ ಹೋಗಬೇಕೋ ಆ ಕಡೆಯ ಕಾಲು ಮೊದಲು. ಮುಂದಕ್ಕೆ ಮತ್ತು ಎಡಕ್ಕೆ ಎಡಗಾಲು, ಹಿಂದಕ್ಕೆ ಮತ್ತು ಬಲಕ್ಕೆ ಬಲಗಾಲು. ಎರಡೂ ಕಣಕಾಲಿಗೆ ಭುಜದಗಲದ ಒಂದು ಎಲಾಸ್ಟಿಕ್ ಕಟ್ಟಿಕೊಂಡು ಐದು ನಿಮಿಷ ಓಡಾಡಿ. ಅದು ಸಡಿಲ ಬಿದ್ದರೆ ಕಾಲು ಕೂಡಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಜ್ಯಾಬ್ ನಿಧಾನ, ಎದುರಿನವರಿಗೆ ಮೊದಲೇ ಕಾಣುತ್ತದೆ

ಎಡ ಭುಜವನ್ನು ಗೋಡೆಗೆ ಹತ್ತಿರ ಇಟ್ಟು ನಿಲ್ಲಿ. ಜ್ಯಾಬ್ ಹೊಡೆಯಿರಿ. ಮೊಣಕೈ ಗೋಡೆಗೆ ತಗುಲಿದರೆ ಅದು ಹೊರಕ್ಕೆ ಏಳುತ್ತಿದೆ. ಎದುರಿನವರಿಗೆ ಕಾಣುವುದು ಆ ಮೊಣಕೈ. ಮುಷ್ಟಿ ಮೊದಲು ಹೊರಡಬೇಕು, ಮೊಣಕೈ ಅದರ ಹಿಂದೆ ನೇರವಾಗಿ, ಕೊನೆಯಲ್ಲಿ ಮಾತ್ರ ಅಂಗೈ ಕೆಳಮುಖ.

ಇನ್ನೊಂದು ಪರೀಕ್ಷೆ ಕಣ್ಣು ಮುಚ್ಚಿ ಕೇಳುವುದು. ಗೆಳೆಯರು ಹೊಡೆಯಲಿ, ನೀವು ಕೇಳಿ. ಎಡಗಾಲು ನೆಲ ಮುಟ್ಟಿದ ಸದ್ದು, ಮುಷ್ಟಿ ಬ್ಯಾಗ್ ಮುಟ್ಟಿದ ಸದ್ದು ಹೆಚ್ಚುಕಡಿಮೆ ಒಟ್ಟಿಗೆ ಬರಬೇಕು. ಕಾಲಿನ ಸದ್ದು ಬಹಳ ಮೊದಲೇ ಬಂದರೆ ಮುನ್ನುಗ್ಗಿದ ತೂಕ ನೆಲಕ್ಕೆ ಹೋಯಿತು. ಕೈಗೆ ಏನೂ ಸಿಗಲಿಲ್ಲ.

ಹುಕ್ ಹೊಡೆದರೆ ಮಣಿಕಟ್ಟು ನೋಯುತ್ತದೆ

ಹುಕ್ ಅಂದರೆ ಮೊಣಕೈ ಮಡಚಿ ಪಕ್ಕದಿಂದ ಬೀಸುವ ಪಂಚ್. ಎಡಗೈ ಹುಕ್‌ನಲ್ಲಿ ತಿರುಗಬೇಕಾದ್ದು ಎಡ ಪಾದ. ಅದು ತಿರುಗದೆ ಕೈ ಮಾತ್ರ ಬೀಸಿದರೆ, ಕೈ ದೊಡ್ಡ ಸುತ್ತು ಹಾಕಿ ಬರುತ್ತದೆ, ಕಿರುಬೆರಳ ಕಡೆಯ ಗೆಣ್ಣು ಮೊದಲು ತಾಗುತ್ತದೆ. ಅಲ್ಲಿನ ಮೂಳೆ ತೆಳ್ಳಗೆ. ಅದು ಮುರಿಯುವುದು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರು. ತಾಗಬೇಕಾದ್ದು ತೋರುಬೆರಳು ಮತ್ತು ನಡುಬೆರಳಿನ ಗೆಣ್ಣು. ಮೊಣಕೈ ಮುಷ್ಟಿಯ ಮಟ್ಟಕ್ಕೇ ಇರಲಿ, ಕೆಳಗೆ ಜೋಲಬಾರದು. ಮುಂಗೈ ಮತ್ತು ಮುಷ್ಟಿ ಒಂದೇ ಗೆರೆ. ಅಂಗೈ ಕೆಳಗೆ ನೋಡಬೇಕಾ, ನಿಮ್ಮ ಕಡೆ ನೋಡಬೇಕಾ ಅನ್ನುವುದಕ್ಕೆ ಎರಡು ಪದ್ಧತಿ ಇವೆ. ಹೊಸಬರಿಗೆ ಅಂಗೈ ತಮ್ಮ ಕಡೆ, ಹೆಬ್ಬೆರಳು ಮೇಲೆ ಇರುವುದೇ ಕ್ಷೇಮ ಅನ್ನುವುದು ನನ್ನ ಅಭಿಪ್ರಾಯ. ಮಣಿಕಟ್ಟು ಮಡಚುವುದು ಕಡಿಮೆ.

ನಾಲ್ಕೂವರೆ ಮೀಟರ್ ರ್ಯಾಪ್, ಅಂದರೆ ಬಟ್ಟೆಯ ಪಟ್ಟಿ, ಕೈಗೆ ಸರಿಯಾಗಿ ಸುತ್ತದೆ ಬ್ಯಾಗ್ ಮುಟ್ಟಬೇಡಿ. ಗೆಣ್ಣು ಊದಿಕೊಂಡು ಮಾರನೇ ದಿನವೂ ಇಳಿಯದಿದ್ದರೆ ಎಣ್ಣೆ ಹಚ್ಚಿ ನೀವಿಸಿಕೊಳ್ಳಲು ಹೋಗಬೇಡಿ. ಎಕ್ಸ್‌ರೇ ತೆಗೆಸಿ.

ಅಪ್ಪರ್‌ಕಟ್ ಅಂದರೆ ಕೆಳಗಿನಿಂದ ಮೇಲಕ್ಕೆ ಹೊಡೆಯುವ ಪಂಚ್. ಅದರ ದೋಷಕ್ಕೆ ಒಂದೇ ಮಾತು ಸಾಕು. ಕೈ ಕೆಳಗಿಳಿಸಿ ಹೊಡೆಯುತ್ತಿದ್ದೀರಿ, ಮಂಡಿ ಇಳಿಸಿ. ಹಿಟ್ಟಿನ ದೊಣ್ಣೆ ಹಿಡಿದು ಮುದ್ದೆ ತೊಳಸುವವರನ್ನು ಅಡುಗೆ ಮನೆಯಲ್ಲಿ ಗಮನಿಸಿ. ದೊಣ್ಣೆ ಇರುವುದು ಕೈಯಲ್ಲಿ, ಆದರೆ ಇಳಿದು ಏಳುವುದು ಮಂಡಿ ಮತ್ತು ಸೊಂಟ. ನಾಲ್ಕು ಜನಕ್ಕೆ ಮುದ್ದೆ ಕಟ್ಟಿದ ಮೇಲೂ ಅವರ ಭುಜ ಸೋತಿರುವುದಿಲ್ಲ.

ಒಂದು ಕೈ ಹೊಡೆಯುವಾಗ ಇನ್ನೊಂದು ಕೈ ಕೆಳಗೆ ಬರುವುದು, ಗದ್ದ ಮೇಲೇಳುವುದು, ಇವೆರಡಕ್ಕೂ ನಿಂಬೆಹಣ್ಣಿನ ಉಪಾಯ ಇದೆ. ಗದ್ದದ ಕೆಳಗೆ ಒಂದು ನಿಂಬೆಹಣ್ಣು ಒತ್ತಿ ಹಿಡಿದು ಒಂದು ರೌಂಡ್ ಶಾಡೋ ಬಾಕ್ಸಿಂಗ್, ಅಂದರೆ ಎದುರಾಳಿಯಿಲ್ಲದೆ ಗಾಳಿಗೆ ಹೊಡೆಯುವ ಅಭ್ಯಾಸ, ಮಾಡಿ. ಬಿಡುವಾಗಿರುವ ಕೈ ಕೆನ್ನೆಯನ್ನು ಮುಟ್ಟಿಕೊಂಡೇ ಇರಲಿ. ಹಣ್ಣು ಬಿದ್ದರೆ ಮೊದಲಿಂದ ಶುರು. ಉಸಿರು ಹಿಡಿಯುವವರೂ ಇಲ್ಲೇ ಸಿಕ್ಕಿಬೀಳುತ್ತಾರೆ, ಅವರ ಕತ್ತು ಬಿಗಿದಿರುತ್ತದೆ. ಪ್ರತಿ ಪಂಚ್‌ಗೂ ಮೂಗಿನಿಂದಲೋ ಹಲ್ಲಿನ ಸಂದಿಯಿಂದಲೋ 'ಸ್' ಅಂತ ಉಸಿರು ಹೊರಗೆ ಬರಬೇಕು.

ಮಂಡಿ ನೋವು ಬಂದರೆ ನಿಲ್ಲಿಸಿ

ಪಾದ ತಿರುಗಿಸಲು ಶುರು ಮಾಡಿದ ಮೇಲೆ ಕೆಲವರಿಗೆ ಬಲ ಮಂಡಿ ಒಳಗಡೆ ನೋಯುತ್ತದೆ. ಇದನ್ನು ಅಭ್ಯಾಸ ಆದರೆ ಸರಿಹೋಗುತ್ತದೆ ಅಂತ ಬಿಡಬೇಡಿ. ಸೊಂಟ ತಿರುಗಿದೆ, ಪಾದ ಮಾತ್ರ ನೆಲಕ್ಕೆ ಕಚ್ಚಿಕೊಂಡಿದೆ, ನಡುವೆ ಸಿಕ್ಕಿದ ಮಂಡಿ ಹಿಂಡುತ್ತಿದೆ. ಹೆಚ್ಚಾಗಿ ಶೂ ತಪ್ಪು. ಓಡುವ ಶೂಗಳ ರಬ್ಬರ್ ಟೆರೇಸಿನ ಸಿಮೆಂಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ತೆಳು, ನುಣುಪಾದ ತಳದ ಶೂ ಹಾಕಿ, ಇಲ್ಲವೇ ನೆಲ ಬದಲಿಸಿ. ಇನ್ನೊಂದು ಕಾರಣ, ಹಿಮ್ಮಡಿ ಎತ್ತದೇ ತಿರುಗಿಸುವುದು. ಮೊದಲು ತೂಕ ಬೆರಳ ಬುಡಕ್ಕೆ ಬರಬೇಕು, ಆಮೇಲೆ ತಿರುಗುವುದು.

ಒಂದು ಸಲಕ್ಕೆ ಒಂದೇ ದೋಷ ಸರಿಪಡಿಸಿ. ಪಂಪ್ ಬಿಚ್ಚಿದಾಗ ವಾಲ್ವ್, ವಾಷರ್, ಪೈಪು ಎಲ್ಲ ಒಟ್ಟಿಗೆ ಬದಲಿಸಿದರೆ ತೊಂದರೆ ಎಲ್ಲಿತ್ತು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ? ಕೆಳಗಿನಿಂದ ಮೇಲಕ್ಕೆ ಬನ್ನಿ: ಪಾದ, ಮಂಡಿ, ಸೊಂಟ, ಭುಜ, ಮುಷ್ಟಿ. ಪ್ರತಿಯೊಂದಕ್ಕೂ ಒಂದು ವಾರ ಕೊಡಿ. ಎರಡು ವಾರಕ್ಕೊಮ್ಮೆ ಅದೇ ನೆಲದ ಮೇಲೆ ಮತ್ತೆ ರಂಗೋಲಿ ಪುಡಿ ಉದುರಿಸಿ, ಹತ್ತು ಪಂಚ್ ಹೊಡೆದು, ಹಳೇ ಫೋಟೋ ಪಕ್ಕ ಇಟ್ಟು ನೋಡಿ.

ಆ ಹುಡುಗನ ಮೂರನೇ ಫೋಟೋ ಕಳೆದ ಭಾನುವಾರ ತೆಗೆದೆವು. ಬೆರಳುಗಳ ಅಚ್ಚು ಈಗ ಬಿಡಿಬಿಡಿಯಾಗಿ ಕಾಣುವುದಿಲ್ಲ. ಬೀಸಣಿಗೆ ಮುಕ್ಕಾಲು ಬಿಚ್ಚಿದೆ. ಏಳನೇ ಪಂಚ್ ಆದ ಮೇಲೆ ದಣಿವಿಗೆ ಹಿಮ್ಮಡಿ ಮತ್ತೆ ನೆಲಕ್ಕೆ ಕೂರುತ್ತದೆ, ಅಲ್ಲೊಂದು ಗುಂಡನೆಯ ಗುರುತು ಉಳಿದಿತ್ತು. ಈ ವಾರ ಆ ಗುರುತಿನ ಮೇಲೆ ಕೆಲಸ ಮಾಡುತ್ತಿದ್ದೇವೆ.